ದುಡ್ಡು ಕೊಟ್ಟ ಹಾಡು, ಬೇರೆಯವರ ಹತ್ರ ಬೀಗದ ಕೈ

2008ರ ಏಪ್ರಿಲ್‌ನಲ್ಲಿ ಎಂಎಸ್‌ಎನ್ ಮ್ಯೂಸಿಕ್ ಗ್ರಾಹಕರಿಗೆ ಮೈಕ್ರೋಸಾಫ್ಟ್‌ನಿಂದ ಒಂದು ಇಮೇಲ್ ಹೋಯ್ತು. ಎಂಎಸ್‌ಎನ್ ಮ್ಯೂಸಿಕ್ ಅಂದ್ರೆ ಅಮೆರಿಕದಲ್ಲಿ ಮೈಕ್ರೋಸಾಫ್ಟ್ ನಡೆಸುತ್ತಿದ್ದ ಆನ್‌ಲೈನ್ ಹಾಡಿನ ಅಂಗಡಿ. 2004ರಲ್ಲಿ ಶುರುವಾಗಿ, 2006ರಲ್ಲಿ ಹೊಸ ಹಾಡು ಮಾರೋದನ್ನ ನಿಲ್ಲಿಸಿತ್ತು. ಇಮೇಲ್‌ನ ಸಾರಾಂಶ ಇಷ್ಟು: ಆಗಸ್ಟ್ 31ರ ನಂತರ ನೀವು ಕೊಂಡಿರೋ ಹಾಡುಗಳಿಗೆ ನಾವು ಲೈಸೆನ್ಸ್ ಕೀ ಕೊಡೋದಿಲ್ಲ. ಈಗ ಇರೋ ಕಂಪ್ಯೂಟರ್‌ನಲ್ಲಿ ಹಾಡುಗಳು ಓಡುತ್ತವೆ. ಹೊಸ ಕಂಪ್ಯೂಟರ್ ತಗೊಂಡ್ರೆ, ಅಥವಾ ಇರೋದಕ್ಕೇ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿದ್ರೆ, ಓಡಲ್ಲ.

ಈ ಇಮೇಲ್ ಬಂದಿದ್ದು ಯಾರಿಗೆ ಅನ್ನೋದನ್ನ ಗಮನಿಸಿ. ಕದ್ದು ಡೌನ್‌ಲೋಡ್ ಮಾಡಿದವರಿಗಲ್ಲ. ಅದೇ ಹಾಡು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತಿದ್ದ ಕಾಲದಲ್ಲೂ ಹಾಡೊಂದಕ್ಕೆ ಸುಮಾರು ಒಂದು ಡಾಲರ್ ಕೊಟ್ಟು ನಿಯತ್ತಾಗಿ ಕೊಂಡವರಿಗೆ. ಪೈರೇಟೆಡ್ ಎಂಪಿ3 ಇಟ್ಟುಕೊಂಡವನಿಗೆ ಯಾವ ಇಮೇಲೂ ಬರಲಿಲ್ಲ. ಅವನ ಹಾಡು ಇವತ್ತಿಗೂ ಓಡುತ್ತೆ.

ಆಗ ನಮಗೆಲ್ಲ ಎರಡೋ ಮೂರೋ ವರ್ಷ. ನಾವ್ಯಾರೂ ಆ ಅಂಗಡಿ ನೋಡಿಲ್ಲ. ಆದ್ರೂ ಈ ಕಥೆ ನಮಗೆ ಬೇಕು. ಯಾಕಂದ್ರೆ ಅದೇ ಬೀಗ ಬೇರೆ ಬೇರೆ ಹೆಸರಿನಲ್ಲಿ ಈಗ ನಮ್ಮ ಫೋನ್‌ನಲ್ಲಿದೆ. ಇನ್ನೊಂದು ಕಾರಣವೂ ಇದೆ. ಮೂರ್ನಾಲ್ಕು ವರ್ಷ ಆದ್ಮೇಲೆ ಅಂಥ ಬೀಗದ ಕೋಡ್ ಬರೆಯೋ ಕೆಲಸ ನಮ್ಮಲ್ಲೇ ಒಬ್ಬರಿಗೆ ಸಿಗಬಹುದು.

ಫೈಲ್ ನಮ್ಮದು, ಕೀ ನಮ್ಮದಲ್ಲ

ಈ ಬೀಗಕ್ಕೆ ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಡಿಆರ್‌ಎಂ ಅಂತಾರೆ. ಕೆಲಸ ಮಾಡೋ ರೀತಿ ಅಂಥಾ ಕಷ್ಟದ್ದೇನಲ್ಲ.

ಹಾಡಿನ ಫೈಲನ್ನ ಒಂದು ಕೀ ಬಳಸಿ ಎನ್‌ಕ್ರಿಪ್ಟ್ ಮಾಡಿರ್ತಾರೆ. ನೀವು ದುಡ್ಡು ಕೊಟ್ಟಾಗ ಎರಡು ವಸ್ತು ಬರುತ್ತವೆ. ಒಂದು, ಎನ್‌ಕ್ರಿಪ್ಟ್ ಆದ ಫೈಲ್. ಇದನ್ನ ಯಾರಿಗೆ ಎಷ್ಟು ಕಾಪಿ ಬೇಕಾದ್ರೂ ಕೊಡಿ, ಕೀ ಇಲ್ಲದಿದ್ರೆ ಅದು ಬರೀ ಕಸ. ಎರಡನೇದು ಲೈಸೆನ್ಸ್. ಇದೊಂದು ಪುಟ್ಟ ಫೈಲ್. ಇದರೊಳಗೆ ಹಾಡಿನ ಕೀ ಇರುತ್ತೆ, ಜೊತೆಗೆ ಎಷ್ಟು ಸಲ ಸಿಡಿಗೆ ಬರೆಯಬಹುದು, ಪೋರ್ಟಬಲ್ ಪ್ಲೇಯರ್‌ಗೆ ಹಾಕಬಹುದಾ ಅನ್ನೋ ನಿಯಮಗಳೂ ಇರುತ್ತವೆ. ಆ ಕೀ ಕೂಡ ಬಿಚ್ಚಿಟ್ಟ ಹಾಗೆ ಇರಲ್ಲ. ನಿಮ್ಮ ಕಂಪ್ಯೂಟರ್‌ಗೆ ಮಾತ್ರ ತೆರೆಯೋಕೆ ಆಗೋ ಹಾಗೆ ಅದನ್ನೂ ಎನ್‌ಕ್ರಿಪ್ಟ್ ಮಾಡಿರ್ತಾರೆ.

ಮೈಕ್ರೋಸಾಫ್ಟ್ ವ್ಯವಸ್ಥೆಯಲ್ಲಿ ಡಬ್ಲ್ಯುಎಂಎ ಫೈಲಿನ ಹೆಡರ್‌ನಲ್ಲೇ ಎರಡು ವಿವರ ಬರೆದಿರುತ್ತಿದ್ದರು: ಈ ಹಾಡಿನ ಕೀಯ ಗುರುತಿನ ಸಂಖ್ಯೆ, ಮತ್ತು ಲೈಸೆನ್ಸ್ ಕೇಳಬೇಕಾದ ಸರ್ವರ್‌ನ ವಿಳಾಸ. ಪ್ಲೇ ಒತ್ತಿದಾಗ ಪ್ಲೇಯರ್ ಮೊದಲು ತನ್ನ ಹತ್ರ ಲೈಸೆನ್ಸ್ ಇದೆಯಾ ನೋಡುತ್ತೆ. ಇದ್ರೆ ಹಾಡು ಶುರು. ಇಲ್ಲದಿದ್ರೆ ಆ ವಿಳಾಸಕ್ಕೆ ಹೋಗಿ ಕೇಳುತ್ತೆ. ಸರ್ವರ್ ನಿಮ್ಮ ಅಕೌಂಟ್ ನೋಡಿ, ನಿಮ್ಮ ಕಂಪ್ಯೂಟರ್‌ಗೆ ಅಂತಲೇ ಹೊಸ ಲೈಸೆನ್ಸ್ ತಯಾರಿಸಿ ಕಳಿಸುತ್ತೆ.

ಹಾಸ್ಟೆಲ್ ಭಾಷೆಯಲ್ಲಿ ಹೇಳೋದಾದ್ರೆ, ಟ್ರಂಕು ನಿಮ್ಮದು, ಒಳಗಿನ ಬಟ್ಟೆ ನಿಮ್ಮದು, ಬೀಗದ ಕೈ ಮಾತ್ರ ವಾರ್ಡನ್ ಹತ್ರ. ಅವರು ಒಂದು ಡೂಪ್ಲಿಕೇಟ್ ಮಾಡಿ ಕೊಟ್ಟಿದ್ದಾರೆ, ಆದ್ರೆ ಅದು ಈ ರೂಮಿನಲ್ಲಿ ಮಾತ್ರ ಕೆಲಸ ಮಾಡುತ್ತೆ. ರೂಮ್ ಬದಲಾಯಿಸಿದ್ರೆ ಮತ್ತೆ ಹೋಗಿ ಕೇಳಬೇಕು. ವಾರ್ಡನ್ ಇರೋ ತನಕ ತೊಂದರೆ ಇಲ್ಲ.

ಲೈಸೆನ್ಸ್ ಸರ್ವರ್ ಆಫ್ ಆದ ದಿನ ಹಾಡು ನಿಲ್ಲಲ್ಲ ಅನ್ನೋದು ಇದರಲ್ಲಿರೋ ವಿಚಿತ್ರ. ಲೈಸೆನ್ಸ್ ಆಗಲೇ ಕಂಪ್ಯೂಟರ್‌ನಲ್ಲಿ ಕೂತಿರುತ್ತೆ. ಹಾಡು ನಿಲ್ಲೋದು ಯಾವಾಗ ಅಂದ್ರೆ ಹಾರ್ಡ್ ಡಿಸ್ಕ್ ಕೆಟ್ಟಾಗ, ವಿಂಡೋಸ್ ಫಾರ್ಮ್ಯಾಟ್ ಮಾಡಿದಾಗ, ಹೊಸ ಲ್ಯಾಪ್‌ಟಾಪ್ ಬಂದಾಗ. ಫೈಲ್‌ಗಳನ್ನ ಜೋಪಾನವಾಗಿ ಬ್ಯಾಕಪ್ ಮಾಡಿರ್ತೀರಿ. ಕಾಪಿ ಆಗುತ್ತೆ, ಸೈಜ್ ಸರಿಯಾಗಿದೆ, ಹೆಸರು ಸರಿಯಾಗಿದೆ. ಪ್ಲೇ ಒತ್ತಿದ್ರೆ ಮಾತ್ರ ಮೌನ.

ಹಾಗಾದ್ರೆ ಕೀಯನ್ನ ಊಹಿಸಿ ಹುಡುಕಬಹುದಲ್ಲ? ಆಪಲ್‌ನ ಫೇರ್‌ಪ್ಲೇ ಅನ್ನೋ ಡಿಆರ್‌ಎಂ ಬಳಸಿದ್ದು ಎಇಎಸ್. 128 ಬಿಟ್ ಕೀ ಅಂದ್ರೆ 2ರ ಘಾತ 128 ಸಾಧ್ಯತೆಗಳು, ಸುಮಾರು 3.4 ಗುಣಿಸು 10ರ ಘಾತ 38. ಸೆಕೆಂಡಿಗೆ 10ರ ಘಾತ 18 ಕೀಗಳನ್ನ ಪರೀಕ್ಷೆ ಮಾಡೋ ಯಂತ್ರ ಇದೆ ಅಂದ್ಕೊಂಡ್ರೂ ಎಲ್ಲ ಮುಗಿಸೋಕೆ ಸುಮಾರು 10 ಲಕ್ಷ ಕೋಟಿ ವರ್ಷ ಬೇಕು. ಅಷ್ಟು ಗಟ್ಟಿ ಬೀಗವನ್ನ ಒಂದು ಡಾಲರ್ ಹಾಡಿಗೆ ಹಾಕಿದ್ದಾರೆ.

ಇದು ಯಾಕೆ ಬಂತು

ರೆಕಾರ್ಡ್ ಕಂಪನಿಗಳ ಭಯ ಸುಳ್ಳಲ್ಲ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಯಾವ ಎನ್‌ಕ್ರಿಪ್ಶನ್ನೂ ಇರಲಿಲ್ಲ, ಯಾಕಂದ್ರೆ ಆಗ ಮನೆ ಕಂಪ್ಯೂಟರ್‌ನಲ್ಲಿ ಒಂದು ಸಿಡಿಯಷ್ಟು ಡೇಟಾ ಇಟ್ಟುಕೊಳ್ಳೋ ಜಾಗವೇ ಇರಲಿಲ್ಲ. 4 ನಿಮಿಷದ ಹಾಡು ಸಿಡಿಯಲ್ಲಿ ಸುಮಾರು 42 ಎಂಬಿ. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 44,100 ಸ್ಯಾಂಪಲ್, ಒಂದೊಂದಕ್ಕೆ 16 ಬಿಟ್, ಎರಡು ಚಾನೆಲ್. ಎಂಪಿ3 ಬಂದು 128 ಕೆಬಿಪಿಎಸ್‌ಗೆ ಕುಗ್ಗಿಸಿದಾಗ ಅದೇ ಹಾಡು 4 ಎಂಬಿಗೂ ಕಮ್ಮಿ ಆಯ್ತು. 1999ರಲ್ಲಿ ನ್ಯಾಪ್‌ಸ್ಟರ್ ಬಂತು. ಯಾರದೋ ಸಿಡಿ ಎಲ್ಲರ ಸಿಡಿ ಆಯ್ತು.

2003ರ ಏಪ್ರಿಲ್‌ನಲ್ಲಿ ಆಪಲ್ ಐಟ್ಯೂನ್ಸ್ ಮ್ಯೂಸಿಕ್ ಸ್ಟೋರ್ ತೆರೆಯಿತು, ಹಾಡಿಗೆ 99 ಸೆಂಟ್. ರೆಕಾರ್ಡ್ ಕಂಪನಿಗಳು ಒಪ್ಪಿಕೊಂಡಿದ್ದು ಡಿಆರ್‌ಎಂ ಇದ್ರೆ ಮಾತ್ರ. ಮೈಕ್ರೋಸಾಫ್ಟ್ ಕೂಡ 2004ರಲ್ಲಿ ಪ್ಲೇಸ್‌ಫಾರ್‌ಶೂರ್ ಅನ್ನೋ ಲೋಗೋ ತಂದಿತು. ಅಂಗಡಿ ಯಾವುದೇ ಆಗಲಿ, ಪ್ಲೇಯರ್ ಯಾವುದೇ ಆಗಲಿ, ಈ ಲೋಗೋ ಇದ್ರೆ ಹಾಡು ಖಂಡಿತ ಓಡುತ್ತೆ ಅನ್ನೋ ಭರವಸೆ. ಎರಡು ವರ್ಷ ಆದ್ಮೇಲೆ ಮೈಕ್ರೋಸಾಫ್ಟ್ ತನ್ನದೇ ಝೂನ್ ಪ್ಲೇಯರ್ ಬಿಟ್ಟಿತು. ಅದರಲ್ಲಿ ಪ್ಲೇಸ್‌ಫಾರ್‌ಶೂರ್ ಹಾಡು ಓಡುತ್ತಿರಲಿಲ್ಲ! ಹೆಸರಿನಲ್ಲಿ ಇದ್ದ ಗ್ಯಾರಂಟಿ ಅಲ್ಲಿಗೆ ಮುಗೀತು.

ಒಂದೇ ವರ್ಷ, ಮೂರು ಅಂಗಡಿ

2008ರಲ್ಲಿ ಮೂರು ದೊಡ್ಡ ಹೆಸರುಗಳು ಒಂದರ ಹಿಂದೆ ಒಂದು ಇದೇ ದಾರಿ ಹಿಡಿದವು.

ಮೊದಲು ಎಂಎಸ್‌ಎನ್ ಮ್ಯೂಸಿಕ್. ಏಪ್ರಿಲ್‌ನ ಇಮೇಲ್‌ಗೆ ಜನ ಸಿಟ್ಟಾದರು. ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡೋ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಬಹಿರಂಗ ಪತ್ರ ಬರೆಯಿತು. ಜೂನ್‌ನಲ್ಲಿ ಮೈಕ್ರೋಸಾಫ್ಟ್ ಮನಸ್ಸು ಬದಲಾಯಿಸಿ, ಕನಿಷ್ಠ 2011ರ ಕೊನೆ ತನಕ ಸರ್ವರ್ ಇಡ್ತೀವಿ ಅಂತು. ಅಂದ್ರೆ ಸಮಸ್ಯೆ ಬಗೆಹರಿಯಲಿಲ್ಲ, ಮೂರು ವರ್ಷ ಮುಂದೆ ಹೋಯ್ತು ಅಷ್ಟೆ.

ಎರಡನೇದು ಯಾಹೂ ಮ್ಯೂಸಿಕ್ ಸ್ಟೋರ್. ಜುಲೈನಲ್ಲಿ ಪ್ರಕಟಣೆ, ಸೆಪ್ಟೆಂಬರ್ 30ಕ್ಕೆ ಲೈಸೆನ್ಸ್ ಸರ್ವರ್ ಬಂದ್. ಗಲಾಟೆ ಆದ ಮೇಲೆ ಕೊಂಡವರಿಗೆ ಕೂಪನ್ ಇಲ್ಲವೇ ಹಣ ವಾಪಸ್ ಕೊಡೋದಾಗಿ ಹೇಳಿದರು.

ಮೂರನೇದು ವಾಲ್‌ಮಾರ್ಟ್. ಅವರು ಅಷ್ಟರಲ್ಲಾಗಲೇ ಡಿಆರ್‌ಎಂ ಇಲ್ಲದ ಎಂಪಿ3 ಮಾರೋಕೆ ಶುರು ಮಾಡಿದ್ದರು. ಹಳೇ ಗ್ರಾಹಕರ ಸರ್ವರನ್ನ ಅಕ್ಟೋಬರ್ 9ಕ್ಕೆ ಮುಚ್ತೀವಿ ಅಂದರು. ಗ್ರಾಹಕರ ಒತ್ತಡಕ್ಕೆ ಅವರೂ ಹಿಂದೆ ಸರಿದರು.

ಮೂರೂ ಕಡೆ ಒಂದು ವಿಷಯ ಸಾಮಾನ್ಯ. ಯಾವ ಕಂಪನಿಯೂ ದಿವಾಳಿ ಆಗಿರಲಿಲ್ಲ. ಪ್ರಪಂಚದ ಅತಿ ದೊಡ್ಡ ಕಂಪನಿಗಳೇ ಅವು. ಸರ್ವರ್ ನಡೆಸೋದು ಅವರಿಗೆ ಇನ್ನು ಲಾಭದ ಕೆಲಸ ಆಗಿರಲಿಲ್ಲ, ಅಷ್ಟೇ ಕಾರಣ. ಮಾರಾಟದ ದುಡ್ಡು ಒಂದೇ ಸಲ ಬರುತ್ತೆ, ಸರ್ವರ್ ಖರ್ಚು ವರ್ಷ ವರ್ಷ ಇರುತ್ತೆ. ಒಂದು ಸಲದ ಆದಾಯಕ್ಕೆ ಕೊನೆಯಿಲ್ಲದ ಖರ್ಚನ್ನ ಕಟ್ಟಿಹಾಕಿದ್ರೆ ಒಂದಲ್ಲ ಒಂದು ದಿನ ಯಾರಾದ್ರೂ ಮ್ಯಾನೇಜರ್ ಆ ಸಾಲನ್ನ ಎಕ್ಸೆಲ್ ಶೀಟ್‌ನಿಂದ ಅಳಿಸಿಯೇ ಅಳಿಸ್ತಾನೆ. ಇದು ಅಪಘಾತ ಅಲ್ಲ. ಡಿಸೈನ್‌ನಲ್ಲೇ ಬರೆದಿದ್ದ ಅಂತ್ಯ.

"ಸಿಡಿಗೆ ಬರೆದುಕೊಳ್ಳಿ"

ಅಂಗಡಿಗಳು ಗ್ರಾಹಕರಿಗೆ ಕೊಟ್ಟ ಸಲಹೆ ಒಂದೇ: ಹಾಡುಗಳನ್ನ ಆಡಿಯೋ ಸಿಡಿಗೆ ಬರೆದು, ಆ ಸಿಡಿಯಿಂದ ಮತ್ತೆ ಕಂಪ್ಯೂಟರ್‌ಗೆ ಹಾಕಿಕೊಳ್ಳಿ. ಸಿಡಿಯಲ್ಲಿ ಡಿಆರ್‌ಎಂ ಇರಲ್ಲವಲ್ಲ.

ಕೇಳೋಕೆ ಸುಲಭ. ಒಬ್ಬರ ಹತ್ರ 400 ಹಾಡು ಇದೆ ಅಂದ್ಕೊಳ್ಳಿ. ಒಂದು ಸಿಡಿಗೆ 80 ನಿಮಿಷ, ಅಂದ್ರೆ 20 ಹಾಡು. 20 ಸಿಡಿ ಕೊಂಡು, ಒಂದೊಂದಾಗಿ ಬರೆದು, ಒಂದೊಂದಾಗಿ ವಾಪಸ್ ಓದಿಸಬೇಕು. ಎಷ್ಟೋ ಸಲ ಹಾಡಿನ ಹೆಸರು, ಗಾಯಕರ ಹೆಸರು ಮತ್ತೆ ಟೈಪ್ ಮಾಡಬೇಕು.

ಇಷ್ಟಾದ್ರೂ ಬಂದಿದ್ದು ಮೊದಲಿನ ಹಾಡಲ್ಲ. ಎಂಪಿ3, ಡಬ್ಲ್ಯುಎಂಎ, ಎಎಸಿ ಎಲ್ಲವೂ ಲಾಸಿ ಫಾರ್ಮ್ಯಾಟ್‌ಗಳು. ಕಿವಿಗೆ ಸುಲಭವಾಗಿ ಕೇಳಿಸದ ಭಾಗಗಳನ್ನ ಬಿಸಾಡಿ ಫೈಲ್ ಚಿಕ್ಕದು ಮಾಡುತ್ತವೆ. ಸಿಡಿಗೆ ಬರೆದಾಗ ಬಿಸಾಡಿದ್ದು ವಾಪಸ್ ಬರಲ್ಲ. ಮತ್ತೆ ಎಂಪಿ3 ಮಾಡಿದಾಗ, ಉಳಿದಿದ್ದರಲ್ಲೇ ಇನ್ನೊಂದಿಷ್ಟು ಹೋಗುತ್ತೆ, ಮೊದಲ ಸಲದ ದೋಷಗಳ ಮೇಲೆ ಎರಡನೇ ಸಲದ ದೋಷ ಕೂರುತ್ತೆ. ಇಂಟರ್ನಲ್ಸ್ ಹಿಂದಿನ ದಿನ ನಮ್ಮ ಕೈಗೆ ಬರೋ ನೋಟ್ಸ್ ನೆನಪಿಸಿಕೊಳ್ಳಿ. ಸೀನಿಯರ್ ನೋಟ್ಸಿನ ಜೆರಾಕ್ಸು, ಅದರ ಜೆರಾಕ್ಸು, ಅದರ ಫೋಟೋ. ಫಾರ್ಮುಲಾದಲ್ಲಿ ಇರೋದು 3ಆ 8ಆ ಗೊತ್ತಾಗಲ್ಲ.

ಗೊತ್ತಿದ್ದೂ ಗೆಲ್ಲಲಾಗದ ಆಟ

ಕ್ರಿಪ್ಟೋಗ್ರಫಿ ಪಾಠದಲ್ಲಿ ಮೂರು ಜನ ಬರ್ತಾರೆ. ಆಲಿಸ್ ಸಂದೇಶ ಕಳಿಸ್ತಾಳೆ, ಬಾಬ್ ಓದ್ತಾನೆ, ಈವ್ ಮಧ್ಯದಲ್ಲಿ ಕದ್ದು ಕೇಳ್ತಾಳೆ. ಬಾಬ್‌ಗೆ ಕೀ ಗೊತ್ತು, ಈವ್‌ಗೆ ಗೊತ್ತಿಲ್ಲ. ಎಲ್ಲ ಗಣಿತ ನಿಂತಿರೋದು ಇದರ ಮೇಲೆ. ಡಿಆರ್‌ಎಂನಲ್ಲಿ ಆಲಿಸ್ ಅಂದ್ರೆ ಅಂಗಡಿ. ಬಾಬ್ ಯಾರು? ಹಾಡು ಕೇಳಬೇಕಾದ ಗ್ರಾಹಕ. ಈವ್ ಯಾರು? ಕಾಪಿ ಮಾಡಬಾರದ ಅದೇ ಗ್ರಾಹಕ. ಒಬ್ಬನೇ ಮನುಷ್ಯನಿಗೆ ಕೀ ಕೊಡಲೂಬೇಕು, ಕೊಡಲೂಬಾರದು. ಲೇಖಕ ಕೋರಿ ಡಾಕ್ಟರೋ 2004ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ಗೇ ಹೋಗಿ ಈ ವಾದವನ್ನ ಮುಂದಿಟ್ಟಿದ್ದರು.

ಹಾಡು ಕೇಳಿಸಬೇಕು ಅಂದ್ರೆ ಕೀ ಎಲ್ಲೋ ಒಂದು ಕಡೆ ಗ್ರಾಹಕನ ಯಂತ್ರದ ಮೆಮೊರಿಗೆ ಬರಲೇಬೇಕು. ಹಾಗಾಗಿ ಡಿಆರ್‌ಎಂ ಮಾಡೋದೆಲ್ಲ ಕೀ ಬಚ್ಚಿಡೋ ಕೆಲಸ. ಬಚ್ಚಿಟ್ಟಿದ್ದನ್ನ ಹುಡುಕೋಕೆ 10 ಲಕ್ಷ ಕೋಟಿ ವರ್ಷ ಬೇಡ, ತಾಳ್ಮೆ ಇರೋ ಒಬ್ಬ ಪ್ರೋಗ್ರಾಮರ್ ಸಾಕು. ಪ್ರಪಂಚದಲ್ಲಿ ಎಲ್ಲೋ ಒಬ್ಬ ಬಿಚ್ಚಿದರೆ ಸಾಕು, ಬಿಚ್ಚಿದ ಫೈಲ್ ಎಲ್ಲ ಕಡೆ ಹೋಗುತ್ತೆ. ಕೊನೆಗೆ ಬೀಗ ತಡೆಯೋದು ಬಿಚ್ಚೋಕೆ ಬಾರದವರನ್ನ ಮಾತ್ರ, ಅಂದ್ರೆ ಮಾಮೂಲಿ ಗ್ರಾಹಕರನ್ನ.

ಬಚ್ಚಿಡೋ ಹಟ ಎಲ್ಲಿಗೆ ಹೋಗಬಹುದು ಅನ್ನೋದಕ್ಕೆ 2005ರ ಸೋನಿ ಬಿಎಂಜಿ ಪ್ರಕರಣ ನೋಡಿ. ಕಂಪನಿ ತನ್ನ ಕೆಲವು ಸಿಡಿಗಳಲ್ಲಿ ಎಕ್ಸ್‌ಸಿಪಿ ಅನ್ನೋ ಕಾಪಿ ತಡೆ ಸಾಫ್ಟ್‌ವೇರ್ ಹಾಕಿತ್ತು. ಆ ವರ್ಷ ಅಕ್ಟೋಬರ್ 31ರಂದು ವಿಂಡೋಸ್ ತಜ್ಞ ಮಾರ್ಕ್ ರುಸಿನೋವಿಚ್ ತನ್ನ ಕಂಪ್ಯೂಟರ್‌ನಲ್ಲಿ ಸಿಕ್ಕಿದ್ದನ್ನ ಬಹಿರಂಗ ಮಾಡಿದರು: ಅದು ಒಂದು ರೂಟ್‌ಕಿಟ್. ಒಂದು ನಿರ್ದಿಷ್ಟ ಅಕ್ಷರ ಗುಂಪಿನಿಂದ ಹೆಸರು ಶುರುವಾಗೋ ಎಲ್ಲ ಫೈಲ್‌ಗಳನ್ನೂ ಅದು ವಿಂಡೋಸ್‌ನ ಕಣ್ಣಿಂದಲೇ ಮರೆಮಾಡುತ್ತಿತ್ತು. ವೈರಸ್ ಬರೆಯೋರಿಗೆ ಅಷ್ಟೇ ಬೇಕಿತ್ತು. ತಮ್ಮ ಫೈಲ್‌ಗೂ ಅದೇ ರೀತಿ ಹೆಸರಿಟ್ಟು ಅದರ ನೆರಳಲ್ಲಿ ಅಡಗಿದರು. ನವೆಂಬರ್‌ನಲ್ಲಿ ಸೋನಿ ಆ ಸಿಡಿಗಳನ್ನ ಮಾರುಕಟ್ಟೆಯಿಂದ ವಾಪಸ್ ತಗೊಳ್ಳಬೇಕಾಯ್ತು. ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ.

ಹಾಡಿನಿಂದ ಬೀಗ ಬಿದ್ದುಹೋಗಿದ್ದು

2007ರ ಫೆಬ್ರವರಿಯಲ್ಲಿ ಸ್ಟೀವ್ ಜಾಬ್ಸ್ ಒಂದು ಬಹಿರಂಗ ಪತ್ರ ಬರೆದರು. ಅದರಲ್ಲಿ ಅವರು ಕೊಟ್ಟ ಒಂದು ಲೆಕ್ಕ ಇಡೀ ವಾದವನ್ನೇ ಮುಗಿಸಿತು. 2006ರಲ್ಲಿ ಎಲ್ಲ ಆನ್‌ಲೈನ್ ಅಂಗಡಿಗಳೂ ಸೇರಿ ಮಾರಿದ ಡಿಆರ್‌ಎಂ ಹಾಡುಗಳು 200 ಕೋಟಿಗಿಂತ ಕಮ್ಮಿ. ಅದೇ ವರ್ಷ ಸಿಡಿಗಳ ಮೂಲಕ ಅದೇ ರೆಕಾರ್ಡ್ ಕಂಪನಿಗಳು ಯಾವ ಬೀಗವೂ ಇಲ್ಲದೆ ಮಾರಿದ್ದು 2,000 ಕೋಟಿಗಿಂತ ಹೆಚ್ಚು. ಮನೆಯ ಹತ್ತು ಬಾಗಿಲು ತೆರೆದಿಟ್ಟು ಒಂದು ಕಿಟಕಿಗೆ ಕಬ್ಬಿಣದ ಸರಳು ಹಾಕಿದ ಹಾಗೆ. ಜಾಬ್ಸ್ ಪರೋಪಕಾರಿ ಅಂತ ನಾನೇನೂ ಹೇಳ್ತಿಲ್ಲ. ಫೇರ್‌ಪ್ಲೇ ಹಾಡು ಬೇರೆ ಕಂಪನಿಯ ಪ್ಲೇಯರ್‌ನಲ್ಲಿ ಓಡಲ್ಲ ಅಂತ ಯುರೋಪಿನಲ್ಲಿ ಆಪಲ್ ಮೇಲೆ ಒತ್ತಡ ಇತ್ತು. ಆದ್ರೆ ಲೆಕ್ಕ ಮಾತ್ರ ಸರಿ.

ಅದೇ ವರ್ಷ ಮೇ ತಿಂಗಳಲ್ಲಿ ಇಎಂಐ ಕಂಪನಿಯ ಹಾಡುಗಳು ಡಿಆರ್‌ಎಂ ಇಲ್ಲದೆ ಐಟ್ಯೂನ್ಸ್‌ಗೆ ಬಂದವು. ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಬರೀ ಎಂಪಿ3 ಮಾರೋ ಅಂಗಡಿ ತೆರೆಯಿತು. 2009ರ ಜನವರಿಯಲ್ಲಿ ಆಪಲ್ ತನ್ನ ಎಲ್ಲ ಹಾಡುಗಳಿಂದ ಡಿಆರ್‌ಎಂ ತೆಗೀತೀವಿ ಅಂತ ಘೋಷಿಸಿತು. ಹಳೇ ಹಾಡುಗಳ ಬೀಗ ತೆಗೆಸೋಕೆ ಗ್ರಾಹಕರು ಹಾಡಿಗೆ ಇನ್ನೂ 30 ಸೆಂಟ್ ಕೊಡಬೇಕಿತ್ತು. ತಮ್ಮದೇ ಟ್ರಂಕಿನ ಬೀಗ ತೆಗೆಸೋಕೆ ಫೀಸು!

ನಮ್ಮ ಬೆಂಗಳೂರಿನದೂ ಒಂದು ಉದಾಹರಣೆ ಇದೆ. ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ ಫ್ಲೈಟ್ ಅನ್ನೋ ಹಾಡಿನ ಅಂಗಡಿ ಶುರು ಮಾಡಿತು. 2013ರ ಜೂನ್‌ನಲ್ಲಿ ಅದು ಮುಚ್ಚಿತು, ಒಂದೂವರೆ ವರ್ಷವೂ ನಡೆಯಲಿಲ್ಲ. ಎಂಎಸ್‌ಎನ್ ಮ್ಯೂಸಿಕ್‌ಗಿಂತ ಬೇಗ ಮುಚ್ಚಿದ ಅಂಗಡಿ. ಆದ್ರೆ ಅದು ಮಾರಿದ್ದು ಡಿಆರ್‌ಎಂ ಇಲ್ಲದ ಎಂಪಿ3. ಕೊಂಡ ಹಾಡುಗಳನ್ನ ಇಳಿಸಿಕೊಳ್ಳೋಕೆ ಸ್ವಲ್ಪ ಕಾಲಾವಕಾಶ ಕೊಟ್ಟರು. ಆಗ ಇಳಿಸಿಕೊಂಡವರ ಹಾಡು ಇವತ್ತಿಗೂ ಯಾವ ಫೋನ್‌ನಲ್ಲಾದ್ರೂ ಓಡುತ್ತೆ. ಅಂಗಡಿ ಮುಚ್ಚೋದು ತಪ್ಪಲ್ಲ, ವ್ಯಾಪಾರ ಅಂದ್ಮೇಲೆ ಅದು ಇದ್ದದ್ದೇ. ಕಿರಾಣಿ ಅಂಗಡಿ ಮುಚ್ಚಿದ್ರೆ ಮನೆ ಡಬ್ಬಿಯಲ್ಲಿರೋ ಅಕ್ಕಿ ಮಾಯ ಆಗಬಾರದು, ಅಷ್ಟೆ.

ಈಗ ಎಲ್ಲಾ ಸ್ಟ್ರೀಮಿಂಗ್ ಅಲ್ವಾ?

ಹೌದು, ಹಾಗಾಗಿ ಡಿಆರ್‌ಎಂ ಹಿಂದಿನ ಬಾಗಿಲಿಂದ ವಾಪಸ್ ಬಂದಿದೆ. ಸ್ಪಾಟಿಫೈನಲ್ಲಿ 'ಡೌನ್‌ಲೋಡ್' ಮಾಡಿದ ಹಾಡು ಎನ್‌ಕ್ರಿಪ್ಟ್ ಆಗಿರುತ್ತೆ. 30 ದಿನಕ್ಕೆ ಒಮ್ಮೆಯಾದ್ರೂ ಆನ್‌ಲೈನ್ ಬರದಿದ್ರೆ ಓಡಲ್ಲ. 2023ರ ಮಾರ್ಚ್‌ನಲ್ಲಿ ಝೀ ಮ್ಯೂಸಿಕ್ ಜೊತೆಗಿನ ಒಪ್ಪಂದ ಮುಗಿದಾಗ ಅವರ ಹಾಡುಗಳು ಸ್ಪಾಟಿಫೈನಿಂದ ಒಮ್ಮೆಲೇ ಇಳಿದುಹೋದವು. 2024ರಲ್ಲಿ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಮುಚ್ಚೋದಾಗಿ ಹೇಳಿತು.

ಆದ್ರೆ ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಸ್ಟ್ರೀಮಿಂಗ್ ಬಾಡಿಗೆ, ಅದು ಬಾಡಿಗೆ ಅಂತಲೇ ಹೇಳ್ತಾರೆ. ತಿಂಗಳ ದುಡ್ಡು ಕೊಡ್ತೀವಿ, ತಿಂಗಳು ಕೇಳ್ತೀವಿ. ಪಿಜಿ ಬಿಟ್ಟ ಮೇಲೆ ಆ ಮಂಚ ನಮ್ಮದು ಅಂತ ಯಾರೂ ಜಗಳ ಆಡಲ್ಲ. ಬಾಡಿಗೆಗೆ ಬೀಗ ಇರೋದು ಸರಿ. ತಕರಾರು ಇರೋದು 'ಕೊಳ್ಳಿ' ಅಂತ ಬಟನ್ ಮೇಲೆ ಬರೆದು, ಒಳಗಿನ ಷರತ್ತಿನಲ್ಲಿ 'ಲೈಸೆನ್ಸ್ ಮಾತ್ರ' ಅಂತ ಬರೆಯೋದರ ಬಗ್ಗೆ. ಇ-ಪುಸ್ತಕ, ಸಿನಿಮಾ, ಗೇಮ್‌ಗಳಲ್ಲಿ ಇದು ಈಗಲೂ ಹಾಗೇ ಇದೆ. ಯೂಬಿಸಾಫ್ಟ್‌ನ ದಿ ಕ್ರೂ ಗೇಮ್ ದುಡ್ಡು ಕೊಟ್ಟು ಕೊಂಡವರು 2024ರ ಮಾರ್ಚ್ 31ರ ನಂತರ ಆಡೋಕಾಗಲಿಲ್ಲ, ಸರ್ವರ್ ಬಂದ್.

ಕಾನೂನು ನಿಧಾನಕ್ಕೆ ಎಚ್ಚರ ಆಗ್ತಿದೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಡಿಜಿಟಲ್ ವಸ್ತು ಮಾರುವಾಗ ಅದು ಬರೀ ಲೈಸೆನ್ಸ್ ಅಂತ ಸ್ಪಷ್ಟವಾಗಿ ಹೇಳದೆ 'ಕೊಳ್ಳಿ' ಅನ್ನೋ ಪದ ಬಳಸೋ ಹಾಗಿಲ್ಲ. ಶಾಶ್ವತವಾಗಿ ಇಳಿಸಿಕೊಂಡು ಆಫ್‌ಲೈನ್ ಇಟ್ಟುಕೊಳ್ಳಬಹುದಾದ ವಸ್ತುಗಳಿಗೆ ಈ ನಿಯಮ ಇಲ್ಲ. ಬೀಗ ಒಡೆಯೋ ವಿಷಯದಲ್ಲಿ ಅಮೆರಿಕದ 1998ರ ಡಿಎಂಸಿಎ ಕಾನೂನು ಕಠಿಣ, ಕೆಲವು ವಿನಾಯಿತಿ ಬಿಟ್ಟರೆ ಒಡೆಯೋದೇ ತಪ್ಪು. ನಮ್ಮ ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಂ ಸ್ವಲ್ಪ ಬೇರೆ. ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಇಲ್ಲಿ 'ಉದ್ದೇಶ' ಅನ್ನೋ ಪದ ಮುಖ್ಯ.

ನಾವೇನು ಮಾಡಬಹುದು

ಕೊಳ್ಳೋರಾಗಿ: 'ಬೈ' ಬಟನ್ ಒತ್ತೋ ಮುಂಚೆ ಒಂದೇ ಪ್ರಶ್ನೆ ಕೇಳಿ. ನಾಳೆ ಈ ಕಂಪನಿ ಇಲ್ಲದಿದ್ರೆ ಇದು ಓಡುತ್ತಾ? ಬ್ಯಾಂಡ್‌ಕ್ಯಾಂಪ್ ತರದ ಕಡೆ ಬೀಗವಿಲ್ಲದ ಎಂಪಿ3, ಫ್ಲ್ಯಾಕ್ ಫೈಲ್ ಸಿಗುತ್ತೆ, ದುಡ್ಡಿನ ದೊಡ್ಡ ಪಾಲು ಕಲಾವಿದರಿಗೇ ಹೋಗುತ್ತೆ. ಇಳಿಸಿಕೊಂಡ ಮೇಲೆ ಎರಡು ಬೇರೆ ಡಿಸ್ಕ್‌ನಲ್ಲಿ ಇಡಿ. ಒಂದು ಬ್ಯಾಕಪ್ ಯಾವತ್ತೂ ಸಾಲಲ್ಲ. ಇಟ್ಟ ಮೇಲೆ ನೆಟ್ ಆಫ್ ಮಾಡಿ, ಬೇರೆ ಕಂಪ್ಯೂಟರ್‌ನಲ್ಲಿ ಒಮ್ಮೆ ಪ್ಲೇ ಮಾಡಿ ನೋಡಿ. ಆ ಪರೀಕ್ಷೆ ಪಾಸಾದ ಫೈಲ್ ಮಾತ್ರ ನಿಮ್ಮದು.

ಎಂಜಿನಿಯರ್ ಆಗಿ: ಸೇತುವೆ ಕಟ್ಟೋ ಸಿವಿಲ್‌ನವರು ಅದರ ಆಯಸ್ಸನ್ನೂ ಲೆಕ್ಕ ಹಾಕ್ತಾರೆ. ಸಾಫ್ಟ್‌ವೇರ್‌ನಲ್ಲಿ ನಾವು ಲಾಂಚ್ ದಿನದ ಬಗ್ಗೆ ಮಾತ್ರ ಯೋಚಿಸ್ತೀವಿ. ಸರ್ವರ್ ಮುಚ್ಚೋ ದಿನಕ್ಕೂ ಒಂದು ಪ್ಲಾನ್ ಬೇಕು. ಮುಚ್ಚೋ ಮುಂಚೆ ಬೀಗವಿಲ್ಲದ ಫೈಲ್ ಕೊಡೋದು, ಯಾವ ಯಂತ್ರಕ್ಕೂ ಕಟ್ಟದ ಕೊನೆಯ ಲೈಸೆನ್ಸ್ ಕೊಡೋದು, ಅದೂ ಆಗದಿದ್ರೆ ದುಡ್ಡು ವಾಪಸ್ ಕೊಡೋದು. ಇವು ತಾಂತ್ರಿಕವಾಗಿ ಕಷ್ಟದ ಕೆಲಸ ಅಲ್ಲ. ಆದ್ರೆ ಮೊದಲ ದಿನವೇ ಕರಾರಿನಲ್ಲಿ, ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್‌ನಲ್ಲಿ ಬರೆದಿರಬೇಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರೆ ಪ್ರಯೋಜನ ಇಲ್ಲ.

2008ರ ಆ ಇಮೇಲ್ ಬರೆದವರೂ ಯಾವುದೋ ಕಾಲೇಜಿನಲ್ಲಿ ನಮ್ಮ ಹಾಗೇ ಎರಡನೇ ವರ್ಷ ಓದಿದವರೇ. ಅವರು ಕೆಟ್ಟವರಾಗಿರಬೇಕಿಲ್ಲ. ಸರ್ವರ್ ನಿಂತ ಮೇಲೆ ಗ್ರಾಹಕನ ಗತಿ ಏನು ಅಂತ ಶುರುವಿನಲ್ಲೇ ಮೀಟಿಂಗ್‌ನಲ್ಲಿ ಯಾರೋ ಒಬ್ಬರು ಕೈ ಎತ್ತಿ ಕೇಳಬೇಕಿತ್ತು. ಮುಂದಿನ ಮೀಟಿಂಗ್‌ಗಳಲ್ಲಿ ಕೂರೋದು ನಾವು.